ಹಸುರು ಬಣ್ಣವೂ ಹಸುರು ಗುಣವೂ



ಈ ಸಾರಿಯ ಸ್ಮರಣಸಂಚಿಕೆಯ ಹಿಂಬದಿಯ ರಕ್ಷಾಪುಟವು ಬರಿದಾಗಿರುವುದನ್ನು ಕಂಡು ನೀವು ಆಶ್ಚರ್ಯಪಟ್ಟಿರಬಹುದು. ಪ್ರತಿಯೊಂದು ಸಂಚಿಕೆಯಲ್ಲಿಯೂ ಆ ಸ್ಥಳದಲ್ಲಿ ಯಾವುದಾದರೊಂದು ವ್ಯಾಪಾರಸಂಸ್ಥೆಯ ಜಾಹೀರಾತು ಇರುವುದು ರೂಢಿ. ಅದರಿಂದ ದೊರೆತ ಹಣದಲ್ಲಿ ಮುದ್ರಣದ ವೆಚ್ಚವನ್ನು ಕಳೆದು ಉಳಿದುದು ಶಾಲೆಯ ಯಾವುದಾದರೊಂದು ಕೊರತೆಯನ್ನು ನೀಗಿಸುತ್ತಿತ್ತು. ಈ ವರ್ಷ ಆ ಹಣದಿಂದ ವಿಜ್ಞಾನ ಪ್ರಯೋಗಶಾಲೆಯ ಮಾಡನ್ನು ದುರಸ್ತಿ ಮಾಡಿಸಬೇಕೆಂದು ನಾವು ಸಂಕಲ್ಪಿಸಿದ್ದೆವು. ಜಾಹೀರಾತೂ ಬಂದಿತ್ತು. ಆದರೆ ಅದನ್ನು ನಾವು ಅಚ್ಚು ಹಾಕಿಸಲಿಲ್ಲ. ಅದರ ಕಾರಣವನ್ನು ನಿಮಗೆ ನಿವೇದಿಸುವುದು ನಮ್ಮ ಕರ್ತವ್ಯವಾಗಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಜಾಹೀರಾತನ್ನು ಕಳುಹಿಸಿದವರು ಅಂಗಡಿಗಳಿಗೆ ಕೈಚೀಲಗಳನ್ನೂ ಲೋಟಗಳನ್ನೂ ಒದಗಿಸುವ ಒಂದು ಕಂಪೆನಿಯವರು. ಪುಟವೆಲ್ಲ ಹಸುರು; ನಡುವೆ ಒಂದು ಎಳೆಯ ಚಿಗುರು; ಅದನ್ನು ಅಂಗೈಯಲ್ಲಿ ಹಿಡಿದ ಒಬ್ಬ ಬಾಲಿಕೆ; ಅವಳ ಕಾಲಕೆಳಗೆ ತಮ್ಮ ಚೀಲವು ಶೇಕಡಾ ನೂರರಷ್ಟು ಪರಿಸರಸ್ನೇಹಿಯೆಂದೂ ಮಣ್ಣಿನಲ್ಲಿ ಮಣ್ಣಾಗಿ ಹೋಗುವುದೆಂದೂ ಬರೆದ ಮಾತು. ನಾವು ಅವರಿಗೆ ಪತ್ರ ಬರೆದು ಮೂರು ಸಂಗತಿಗಳನ್ನು ವಿಚಾರಿಸಿದೆವು. ಚೀಲವು ಯಾವ ದ್ರವ್ಯದಿಂದ ಆದದ್ದು? ಅದು ಎಷ್ಟು ದಿವಸಗಳಲ್ಲಿ, ಎಂಥ ಸ್ಥಳದಲ್ಲಿ ಮಣ್ಣಾಗುತ್ತದೆ? ಇದನ್ನು ಪರೀಕ್ಷಿಸಿ ನೋಡಿದವರು ಯಾರು? ಎರಡು ವಾರಗಳ ತರುವಾಯ ಅವರ ಪ್ರತಿನಿಧಿಯೊಬ್ಬರು ಬಹು ವಿನಯದಿಂದ ನಮ್ಮ ಕಚೇರಿಗೆ ಬಂದು, “ಮೇಡಂ, ಎಲ್ಲರೂ ಹೀಗೆಯೇ ಹಾಕುತ್ತಾರೆ. ಈ ವರೆಗೆ ಯಾರೂ ನಮ್ಮನ್ನು ಕೇಳಿದ್ದಿಲ್ಲ” ಎಂದು ಹೇಳಿದರು. ಪುನಃ ಪತ್ರವೂ ಬರಲಿಲ್ಲ, ಹಣವೂ ಬರಲಿಲ್ಲ.

ಈ ವರ್ತಮಾನವನ್ನು ಕೇಳಿ, ಶಾಲೆಯ ಮೇಲೆ ಬಹಳ ಪ್ರೀತಿಯುಳ್ಳ ಪೂರ್ವವಿದ್ಯಾರ್ಥಿನಿಯರಲ್ಲಿಯೇ ಕೆಲವರು ಅಸಮಾಧಾನಪಟ್ಟರು. “ಒಂದು ಪುಟದ ಜಾಹೀರಾತಿನಿಂದ ಲೋಕವೇ ಕೆಟ್ಟುಹೋಗುತ್ತಿತ್ತೇ? ಮಾಡು ಸೋರುವುದು ನಿಂತಿದ್ದರೆ ಮಕ್ಕಳಿಗೆ ಪ್ರಯೋಜನವಾಗುತ್ತಿರಲಿಲ್ಲವೇ?” ಎಂಬುದು ಅವರ ಪ್ರಶ್ನೆ. ಇದು ಅವಿವೇಕದ ಪ್ರಶ್ನೆಯೆಂದು ನಾವು ಹೇಳುವುದಿಲ್ಲ. ಮಳೆಗಾಲದಲ್ಲಿ ಪ್ರಯೋಗಶಾಲೆಯ ಮೇಜುಗಳ ನಡುವೆ ಬಕೀಟುಗಳನ್ನು ಇಡಿಸುವವರು ನಾವೇ. ಆದಕಾರಣ ಸಾವಕಾಶವಾಗಿ ಉತ್ತರ ಕೊಡಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇವೆ.

ಗೋಡೆಗೆ ಸುಣ್ಣ ಹೊಡೆಯುವುದೇನೆಂಬುದು ಶಾಲೆಯವರಿಗೆ ಚೆನ್ನಾಗಿ ಗೊತ್ತು. ಇನ್‌ಸ್ಪೆಕ್ಟರರು ಬರುವರೆಂದು ತಿಳಿದೊಡನೆ ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿಯುವ ಪದ್ಧತಿಯು ಎಲ್ಲಿಯೂ ಉಂಟು. ಬಿರುಕು ಅದರಿಂದ ಮುಚ್ಚುವುದಿಲ್ಲ. ಒಂದು ದಿವಸದ ಮಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಇಂಗ್ಲಿಷಿನಲ್ಲಿ ಈ ಸುಣ್ಣ ಹೊಡೆಯುವ ಮಾತನ್ನೇ ಸ್ವಲ್ಪ ತಿದ್ದಿ, ವ್ಯಾಪಾರಿಗಳು ತಮ್ಮ ಸರಕಿಗೆ ಪ್ರಕೃತಿಪ್ರೇಮದ ಬಣ್ಣವನ್ನು ಬಳಿಯುವುದಕ್ಕೆ ‘ಗ್ರೀನ್‌ವಾಷಿಂಗ್’ ಎಂಬ ಹೆಸರನ್ನು ಇಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಅದನ್ನು ಹಸುರು ಸೋಗು ಎನ್ನಬಹುದು. ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿಯು 1983ರಲ್ಲಿ ಫಿಜಿ ದ್ವೀಪಕ್ಕೆ ಹೋಗಿದ್ದಾಗ ಅಲ್ಲಿಯ ವಿಹಾರಗೃಹವೊಂದರಲ್ಲಿ ಒಂದು ಸೂಚನೆಯನ್ನು ಕಂಡನು. ಸಮುದ್ರವನ್ನೂ ಹವಳದ ದಿಬ್ಬಗಳನ್ನೂ ಕಾಪಾಡುವುದಕ್ಕಾಗಿ ಅತಿಥಿಗಳು ಒಂದೇ ಟವೆಲನ್ನು ಮತ್ತೆ ಮತ್ತೆ ಉಪಯೋಗಿಸಬೇಕೆಂದು ಅದರಲ್ಲಿ ಬರೆದಿತ್ತು. ಅದೇ ಸಮಯದಲ್ಲಿ ಆ ಗೃಹದ ಯಜಮಾನರು ಹೊಸ ಕಟ್ಟಡಗಳನ್ನು ಕಟ್ಟಿಸುತ್ತ ತಮ್ಮ ಉದ್ಯಮವನ್ನು ಬೆಳೆಸುತ್ತಿದ್ದರು. ಅತಿಥಿಯ ಟವೆಲಿನಿಂದ ಒಗೆತದ ಖರ್ಚು ಉಳಿಯಿತು. ಪುಣ್ಯದ ಹೆಸರೂ ಬಂದಿತು. ಇದನ್ನು ನೆನಪಿನಲ್ಲಿಟ್ಟುಕೊಂಡು ಅವನು 1986ರಲ್ಲಿ ಬರೆದ ಪ್ರಬಂಧದಿಂದ ಆ ಪದವು ಲೋಕದಲ್ಲಿ ಹಬ್ಬಿತು.

ಟವೆಲಿನ ಸಂಗತಿಯು ಸಣ್ಣದೆಂದು ತೋರಬಹುದು. ದೊಡ್ಡದೊಂದನ್ನು ಹೇಳುತ್ತೇವೆ. ಜರ್ಮನಿಯ ಫೋಕ್ಸ್‌ವಾಗನ್ ಎಂಬ ಪ್ರಸಿದ್ಧ ಮೋಟಾರು ಕಂಪೆನಿಯು ತನ್ನ ಡೀಸೆಲ್ ಕಾರುಗಳು ಶುದ್ಧವಾದ ಹೊಗೆಯನ್ನು ಬಿಡುವವೆಂದು ಅಮೆರಿಕದಲ್ಲಿ ಸಾರಿ ಮಾರಿತು. ಪರಿಸರದ ಮೇಲೆ ಕಳಕಳಿಯುಳ್ಳ ಜನರೇ ಅವುಗಳನ್ನು ಕೊಂಡರು. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಕಾರುಗಳಲ್ಲಿ ಯಂತ್ರಗಳನ್ನಿಟ್ಟುಕೊಂಡು ರಸ್ತೆಯ ಮೇಲೆಯೇ ಓಡಿಸಿ ಹೊಗೆಯನ್ನು ಅಳೆದಾಗ, ಪರೀಕ್ಷಾಗೃಹದ ಲೆಕ್ಕಕ್ಕೂ ರಸ್ತೆಯ ಲೆಕ್ಕಕ್ಕೂ ಸಂಬಂಧವೇ ಇಲ್ಲವೆಂದು ಗೊತ್ತಾಯಿತು. ಕೊನೆಗೆ 2015ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಈಗ ತನ್ನ ಪರೀಕ್ಷೆ ನಡೆಯುತ್ತಿದೆಯೆಂದು ಕಾರು ತಾನಾಗಿಯೇ ಗುರುತಿಸಿ, ಆ ಹೊತ್ತು ಮಾತ್ರ ಹೊಗೆಯನ್ನು ಕಡಿಮೆ ಮಾಡುವಂತೆ ಅದರ ಗಣಕದಲ್ಲಿ ಏರ್ಪಾಡು ಮಾಡಿದ್ದರು. ರಸ್ತೆಗೆ ಬಂದ ಮೇಲೆ ಅದು ಹೊರಹಾಕುತ್ತಿದ್ದ ಸಾರಜನಕದ ಆಕ್ಸೈಡುಗಳು ಕಾನೂನಿನ ಮಿತಿಗಿಂತ 40 ಪಟ್ಟಿನ ವರೆಗೂ ಹೆಚ್ಚಾಗಿದ್ದುವು. ಜಗತ್ತಿನಾದ್ಯಂತ ಇಂಥ ಏರ್ಪಾಡು ಇದ್ದ ಕಾರುಗಳು ಸುಮಾರು 1 ಕೋಟಿ 10 ಲಕ್ಷವೆಂದು ಕಂಪೆನಿಯೇ ಒಪ್ಪಿಕೊಂಡಿತು.

ಇದನ್ನು ಓದಿದಾಗ ನಮಗೆ ಒಬ್ಬ ಶಿಷ್ಯೆಯ ನೆನಪಾಯಿತು. ಉಪಾಧ್ಯಾಯಿನಿಯ ಹೆಜ್ಜೆಯ ಸಪ್ಪಳ ಕೇಳಿದೊಡನೆ ಪುಸ್ತಕ ತೆರೆಯುವ ಹುಡುಗಿಯರು ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರಲ್ಲವೇ? ಆ ಕಂಪೆನಿಯ ಎಂಜಿನಿಯರರು ಅಂಥ ಹುಡುಗಿಯ ಬುದ್ಧಿಯನ್ನೇ ಕಾರಿಗೆ ಕಲಿಸಿದರು. ಹುಡುಗಿಯನ್ನು ನಾವು ಗದರಿಸಿ ತಿದ್ದುತ್ತೇವೆ. ವಿದ್ಯಾವಂತರು ಹೀಗೆ ಮಾಡಿದಾಗ ಅವರ ವಿದ್ಯೆಯೇ ಅಪರಾಧದ ಸಾಧನವಾಗುವುದರಿಂದ, ವಿದ್ಯೆಯನ್ನು ಕೊಡುವ ನಮ್ಮಂಥವರೂ ತಲೆತಗ್ಗಿಸಬೇಕಾಗುತ್ತದೆ.

ಎಲ್ಲ ಹಸುರು ಸೋಗೂ ಹೀಗೆ ನೇರವಾದ ಸುಳ್ಳಾಗಿರುವುದಿಲ್ಲ. ಕೆಲವು ಸಾರಿ ಆಡಿದ ಮಾತು ನಿಜವಾಗಿಯೇ ಇರುತ್ತದೆ. ಆಡದೆ ಬಿಟ್ಟ ಮಾತಿನಲ್ಲಿ ಮೋಸವಿರುತ್ತದೆ. ಬ್ರಿಟನ್ನಿನ ಬಿ.ಪಿ. ಎಂಬ ಎಣ್ಣೆಯ ಕಂಪೆನಿಯು 2000ನೆಯ ಇಸವಿಯಲ್ಲಿ ಹಸುರು ಹಳದಿ ಬಣ್ಣಗಳ, ಸೂರ್ಯಕಾಂತಿಯಂಥ ಹೊಸ ಚಿಹ್ನೆಯನ್ನು ಧರಿಸಿ, ತಾನು ಪೆಟ್ರೋಲಿಯಮ್ಮಿನಾಚೆಗೆ ನಡೆಯುತ್ತಿರುವೆನೆಂದು ಸಾರಿಕೊಂಡಿತು. ಸೂರ್ಯಶಕ್ತಿಯಲ್ಲಿ ಅದು ಸ್ವಲ್ಪ ಹಣವನ್ನು ಹಾಕಿದ್ದುದು ಸುಳ್ಳಲ್ಲ. ಆದರೆ ಅದರ ವ್ಯಾಪಾರದ ಬಹುಭಾಗವು ಎಣ್ಣೆ ಮತ್ತು ಅನಿಲಗಳದ್ದಾಗಿಯೇ ಉಳಿಯಿತು. 2010ರ ಏಪ್ರಿಲಿನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಅದರ ಬಾವಿಯೊಂದು ಸಿಡಿದು 11 ಮಂದಿ ಕೆಲಸಗಾರರು ತೀರಿಹೋದರು. 87 ದಿವಸಗಳ ಕಾಲ ಸಮುದ್ರಕ್ಕೆ ಎಣ್ಣೆ ಹರಿಯಿತು. ಸೂರ್ಯಕಾಂತಿಯ ಚಿಹ್ನೆಯು ಆ ಎಣ್ಣೆಯನ್ನು ತಡೆಯಲಾರದೆ ಹೋಯಿತು.

ಇವು ದೂರದೇಶಗಳ ಸಮಾಚಾರಗಳು. ನಮ್ಮ ಪೇಟೆಯ ಸ್ಥಿತಿಯೇನು? ನಮ್ಮ ರಾಜ್ಯದ ಸರಕಾರವು 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮೊದಲಾದುವನ್ನು ನಿಷೇಧಿಸಿತು. ಕೇಂದ್ರ ಸರಕಾರವು 2022ನೆಯ ಜುಲೈ 1ರಿಂದ ಒಂದೇ ಸಾರಿ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಇವುಗಳ ಉದ್ದೇಶ ಒಳ್ಳೆಯದೇ. ಆದರೆ ಬಾಗಿಲಿನಿಂದ ಹೊರಟದ್ದು ಬಣ್ಣ ಬದಲಾಯಿಸಿಕೊಂಡು ಕಿಟಕಿಯಿಂದ ಒಳಕ್ಕೆ ಬರುವುದುಂಟು. ಮದುವೆಮನೆಗಳಲ್ಲಿ ಈಗ ಕಾಣುವ ಕಾಗದದ ಲೋಟದ ಒಳಮೈಗೆ ತೆಳುವಾದ ಪಾಲಿಥೀನಿನ ಲೇಪವಿರುತ್ತದೆ. ಇಲ್ಲದಿದ್ದರೆ ಬಿಸಿಯಾದ ಕಾಫಿಯು ಅದರಲ್ಲಿ ನಿಲ್ಲುವುದಾದರೂ ಹೇಗೆ? ಮಣ್ಣಾಗುವ ಚೀಲವೆಂದು ಹೇಳುವುದನ್ನು ಕುರಿತು ಇನ್ನೂ ಎಚ್ಚರಿಕೆ ಬೇಕು. ಅಂಥವುಗಳಲ್ಲಿ ನಿಜವಾಗಿ ಗೊಬ್ಬರವಾಗತಕ್ಕವು ಇವೆ. ಅವುಗಳಿಗೆ ಭಾರತೀಯ ಮಾನಕವೊಂದು ಗೊತ್ತಾಗಿದೆ. ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ಪ್ರಮಾಣಪತ್ರವನ್ನು ಪಡೆಯಬೇಕು. ಆದರೆ ಇಂಥ ಚೀಲಗಳಲ್ಲಿ ಬಹಳಷ್ಟು ಕರಗಬೇಕಾದರೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಉಷ್ಣವನ್ನು ವಾರಗಟ್ಟಲೆ ಉಳಿಸಿಕೊಳ್ಳುವ ದೊಡ್ಡ ಗೊಬ್ಬರದ ಸ್ಥಾವರ ಬೇಕು. ನಮ್ಮ ಊರಿನಲ್ಲಿ ಅಂಥ ಸ್ಥಾವರವಿಲ್ಲ. ಚರಂಡಿಯಲ್ಲಿ ಬಿದ್ದ ಚೀಲಕ್ಕೂ, ಅದನ್ನು ತಿಂದ ಹಸುವಿಗೂ ಪ್ರಯೋಗಶಾಲೆಯ ಪ್ರಮಾಣಪತ್ರದಿಂದ ಏನು ಉಪಕಾರ?

ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಇದನ್ನು ತಮ್ಮ ಕೈಯಿಂದಲೇ ಪರೀಕ್ಷಿಸಿದರು. ಕಳೆದ ವರ್ಷ ಜೂನಿನಲ್ಲಿ ಶಾಲೆಯ ತೋಟದ ಒಂದು ಗುಂಡಿಯಲ್ಲಿ ಬಾಳೆಲೆಯ ಚೂರು, ಅಡಕೆ ಹಾಳೆಯ ತಟ್ಟೆ, ಹಳೆಯ ಹತ್ತಿಯ ಬಟ್ಟೆ, ಪೇಟೆಯಿಂದ ತಂದ ಮಣ್ಣಾಗುವುದೆಂಬ ಒಂದು ಚೀಲ, ಇವುಗಳನ್ನು ಸಗಣಿ ಮತ್ತು ತರಗೆಲೆಯೊಡನೆ ಹೂಳಿ, ಜನವರಿಯಲ್ಲಿ ಅಗೆದು ನೋಡಿದರು. ಬಾಳೆಲೆಯ ಗುರುತೇ ಇರಲಿಲ್ಲ. ಹಾಳೆಯ ತಟ್ಟೆಯು ಕಪ್ಪಾಗಿ ಬೆರಳಿನಲ್ಲಿ ಮುರಿಯುತ್ತಿತ್ತು. ಬಟ್ಟೆಯು ಎಳೆಎಳೆಯಾಗಿತ್ತು. ಚೀಲವನ್ನು ತೊಳೆದರೆ ಪುನಃ ತರಕಾರಿ ತರುವಂತಿತ್ತು. ಒಬ್ಬಳು ತನ್ನ ಟಿಪ್ಪಣಿ ಪುಸ್ತಕದಲ್ಲಿ, “ಚೀಲದ ಮೇಲಿದ್ದ ಹಸುರು ಎಲೆಯ ಚಿತ್ರ ಮಾತ್ರ ಮಣ್ಣಿನಲ್ಲಿ ಅಳಿಸಿಹೋಗಿದೆ” ಎಂದು ಬರೆದಳು. ಒಂದು ಗುಂಡಿಯ ಒಂದು ಚೀಲದಿಂದ ಎಲ್ಲ ಕಂಪೆನಿಗಳ ಎಲ್ಲ ಚೀಲಗಳ ಮೇಲೆ ತೀರ್ಪು ಕೊಡಬಾರದೆಂದು ನಾವು ಅವಳಿಗೆ ತಿಳಿಸಿದೆವು. ಆದರೆ ಅವಳ ವಾಕ್ಯದ ಮೇಲೆ ಕೆಂಪು ಮಸಿ ಹಾಕಲು ನಮಗೆ ಯಾವ ತಪ್ಪೂ ದೊರೆಯಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮದೇ ತಪ್ಪೊಂದನ್ನು ಮುಚ್ಚಿಟ್ಟರೆ ನ್ಯಾಯವಾಗದು. ಲೋಕವೆಲ್ಲ ಪರಿಸರ ದಿನವನ್ನಾಚರಿಸುವ ಜೂನ್ 5ರಂದು ನಮ್ಮ ಶಾಲೆಯಲ್ಲಿಯೂ ಅನೇಕ ವರ್ಷಗಳಿಂದ ಸಸಿಗಳನ್ನು ನೆಡಿಸುತ್ತ ಬಂದಿದ್ದೇವೆ. ಅತಿಥಿಗಳು ಬರುತ್ತಾರೆ, ಭಾಷಣವಾಗುತ್ತದೆ, ಭಾವಚಿತ್ರ ತೆಗೆಯುತ್ತಾರೆ, ಅದು ಈ ಸಂಚಿಕೆಯಲ್ಲಿಯೂ ಅಚ್ಚಾಗುತ್ತದೆ. ಬೇಸಿಗೆಯ ರಜೆಯಲ್ಲಿ ಆ ಸಸಿಗಳಿಗೆ ನೀರು ಹಾಕುವವರು ಯಾರೆಂದು ನಾವು ಬಹುಕಾಲ ಕೇಳಲೇ ಇಲ್ಲ. ಹಿಂದಿನ ವರ್ಷಗಳಲ್ಲಿ ಒಂದೇ ಹೊಂಡದಲ್ಲಿ ಪುನಃ ಪುನಃ ಸಸಿ ನೆಟ್ಟಿರುವೆವೆಂದು ನಮ್ಮ ತೋಟದ ಆಳು ನಗುತ್ತ ಹೇಳಿದಾಗ ನಮಗೆ ನಾಚಿಕೆಯಾಯಿತು. ನಾವು ಮಾಡಿದ್ದೂ ಹಸುರು ಸೋಗೇ. ಈಗ ಹೊಸ ನಿಯಮವನ್ನು ಮಾಡಿದ್ದೇವೆ. ಹಿಂದಿನ ವರ್ಷ ನೆಟ್ಟವುಗಳಲ್ಲಿ ಬದುಕಿ ಉಳಿದವು ಎಷ್ಟೆಂಬುದನ್ನು ಸಭೆಯಲ್ಲಿ ಓದಿ ಹೇಳಿದ ಹೊರತು ಹೊಸ ಸಸಿಯನ್ನು ನೆಡತಕ್ಕದ್ದಲ್ಲ. ಸಂಖ್ಯೆಯು ಸಣ್ಣದಾಗಿದ್ದರೂ ಅದನ್ನೇ ಓದುತ್ತೇವೆ. ನಮಗೆ ನಾವು ಹಾಕಿಕೊಂಡ ಈ ನಿಯಮವನ್ನೇ ವ್ಯಾಪಾರಿಗಳಿಗೂ ಹಾಕಿದೆವಲ್ಲದೆ ಹೆಚ್ಚಿನದೇನನ್ನೂ ಕೇಳಲಿಲ್ಲ.

“ಸ್ವಲ್ಪ ಅತಿಶಯೋಕ್ತಿಯಿದ್ದರೂ ಜನರ ಮನಸ್ಸು ಒಳ್ಳೆಯದರ ಕಡೆಗೆ ತಿರುಗುವುದಾದರೆ ಆಗಲಿ” ಎಂದು ಹೇಳುವವರಿದ್ದಾರೆ. ನಮ್ಮ ಅಭಿಪ್ರಾಯವು ಹಾಗಿಲ್ಲ. ಊರಿನಲ್ಲಿ ನೀರು ಬೆರೆಸಿದ ಹಾಲನ್ನು ಮಾರುವವನು ಒಬ್ಬನಿದ್ದರೆ, ಕೆಲವು ದಿವಸಗಳಲ್ಲಿಯೇ ಒಳ್ಳೆಯ ಹಾಲನ್ನು ತರುವವಳ ಮೇಲೆಯೂ ಸಂಶಯ ಹುಟ್ಟುತ್ತದೆ. ಅವನ ಬೆಲೆಗೆ ಅವಳು ಮಾರಲಾರಳು. ಅವಳ ಬೆಲೆಯನ್ನು ಕೊಡಲು ಯಾರೂ ಒಪ್ಪುವುದಿಲ್ಲ. ಕೊನೆಗೆ ಅವಳು ಹಸುವನ್ನೇ ಮಾರಬೇಕಾಗುತ್ತದೆ. ಅಡಕೆ ಹಾಳೆಯನ್ನು ಆಯ್ದು ತೊಳೆದು ತಟ್ಟೆ ಮಾಡುವ ಹೆಂಗಸರು ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೇ ಇದ್ದಾರೆ. ಅವರಿಗೆ ಬಣ್ಣದ ಪುಟವನ್ನು ಕೊಳ್ಳುವ ಶಕ್ತಿಯಿಲ್ಲ. ಸೋಗಿನ ಸರಕು ಮೊದಲು ಹೊಡೆಯುವುದು ಅವರ ಹೊಟ್ಟೆಗೆ.

ಎರಡನೆಯ ಕೇಡು ಕೊಳ್ಳುವವರ ಮನಸ್ಸಿಗಾಗುವುದು. ಡಬ್ಬಿಯ ಮೇಲಿನ ಎಲೆಯನ್ನು ನೋಡಿ, ತಾನು ಮಾಡಬೇಕಾದದ್ದನ್ನು ಮಾಡಿ ಮುಗಿಸಿದೆನೆಂದು ಗೃಹಿಣಿಯು ಸಮಾಧಾನ ಹೊಂದುತ್ತಾಳೆ. ಕಡಿಮೆ ಕೊಳ್ಳುವುದು, ಇದ್ದುದನ್ನು ಜೋಪಾನ ಮಾಡುವುದು, ಹರಿದುದನ್ನು ಹೊಲಿಯುವುದು, ಇವುಗಳ ಗೊಡವೆ ಅವಳಿಗೆ ಬೇಡವಾಗುತ್ತದೆ. ನಾವು ಇದೇ ಶಾಲೆಯ ಬೋರ್ಡಿಂಗಿನಲ್ಲಿ ಓದುತ್ತಿದ್ದಾಗ ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ದಾರದ ಗೇಣುದ್ದದ ತುಂಡನ್ನೂ ಎಸೆಯಗೊಡುತ್ತಿರಲಿಲ್ಲ. ಪರಿಸರವೆಂಬ ಮಾತು ಅವರ ಬಾಯಲ್ಲಿ ಬಂದದ್ದು ನಮಗೆ ನೆನಪಿಲ್ಲ. ಆದರೆ ಆ ಗುಣವನ್ನು ನಾವು ಕಲಿತದ್ದು ಅವರಿಂದಲೇ.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಈಗ ಕಣ್ಣು ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಏರ್ಪಟ್ಟ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ನೆಯ ಅಕ್ಟೋಬರ್ 15ರಂದು ಹಸುರು ಸೋಗನ್ನು ತಡೆಯುವ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಹಸುರು, ಶುದ್ಧ, ನೈಸರ್ಗಿಕ, ಪರಿಸರಸ್ನೇಹಿ ಎಂಬಂಥ ಸಾಮಾನ್ಯ ಮಾತುಗಳನ್ನು ತಕ್ಕ ವಿವರಣೆಯೂ ಆಧಾರವೂ ಇಲ್ಲದೆ ಉಪಯೋಗಿಸಕೂಡದು. ಶಾಸ್ತ್ರೀಯ ಪದಗಳ ಅರ್ಥವನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಮಾತು ಇಡೀ ಸರಕಿಗೆ ಸಲ್ಲುವುದೋ, ಹೊರಗಣ ಪೆಟ್ಟಿಗೆಗೆ ಮಾತ್ರವೋ ಎಂಬುದನ್ನು ಸ್ಪಷ್ಟಪಡಿಸಬೇಕು ಎಂಬುದು ಅವುಗಳ ಸಾರಾಂಶ. ದಾರಿ ತಪ್ಪಿಸುವ ಜಾಹೀರಾತಿಗೆ ಮೂಲ ಕಾಯಿದೆಯಲ್ಲಿ ಮೊದಲನೆಯ ಸಾರಿ 10 ಲಕ್ಷ ರೂಪಾಯಿಗಳ ವರೆಗೆ, ಮರಳಿ ತಪ್ಪಿದರೆ 50 ಲಕ್ಷದ ವರೆಗೆ ದಂಡವುಂಟು. ಅಂಥದ್ದನ್ನು ಪ್ರಕಟಿಸುವವರ ಹೊಣೆಯನ್ನೂ ಆ ಕಾಯಿದೆಯು ಮರೆತಿಲ್ಲ. ಆದುದರಿಂದ ನಮ್ಮಂಥ ಸಣ್ಣ ಸಂಚಿಕೆಯವರೂ ತಾವು ಅಚ್ಚು ಹಾಕಿಸುವುದೇನೆಂದು ನೋಡಿಕೊಳ್ಳುವುದು ಯುಕ್ತ.

ಆದರೆ ದಂಡದ ಭಯದಿಂದಲೇ ಲೋಕವು ತಿದ್ದಿಕೊಳ್ಳಲಾರದು. 1991ರಲ್ಲಿಯೇ ನಮ್ಮ ಸರಕಾರವು ಪರಿಸರಕ್ಕೆ ಹಿತವಾದ ಸರಕುಗಳಿಗೆ ಇಕೋಮಾರ್ಕ್ ಎಂಬ ಮುದ್ರೆಯನ್ನು ಏರ್ಪಡಿಸಿ, ಅದರ ಚಿಹ್ನೆಯಾಗಿ ಮಣ್ಣಿನ ಗಡಿಗೆಯನ್ನು ಆರಿಸಿತು. ಇದಕ್ಕಿಂತ ಒಳ್ಳೆಯ ಚಿಹ್ನೆ ದೊರೆಯುವುದು ಕಷ್ಟ. ಆದರೂ ಬಹಳ ಮಂದಿ ತಯಾರಕರು ಅದರ ಗೋಜಿಗೆ ಹೋಗಲಿಲ್ಲ. ಯಾಕಂದರೆ ಕೊಳ್ಳುವವರು ಅದನ್ನು ಕೇಳಲಿಲ್ಲ. 2024ರಲ್ಲಿ ಅದಕ್ಕೆ ಹೊಸ ನಿಯಮಗಳಾಗಿವೆ. ಈ ಸಾರಿಯಾದರೂ ಗಡಿಗೆಯನ್ನು ಕೇಳುವವರು ಹುಟ್ಟಬೇಕು. ಚಿನ್ನವನ್ನು ಕೊಳ್ಳುವಾಗ ನಮ್ಮ ತಾಯಂದಿರು ಮುದ್ರೆಯನ್ನು ನೋಡುತ್ತಾರೆ, ಒರೆಗೆ ಹಚ್ಚಿಸುತ್ತಾರೆ, ತೂಕವನ್ನು ಎರಡು ಸಾರಿ ಕೇಳುತ್ತಾರೆ. ಆ ಜಾಣತನದಲ್ಲಿ ಸ್ವಲ್ಪವನ್ನು ಸಾಬೂನಿನ ಅಂಗಡಿಗೂ ತೆಗೆದುಕೊಂಡು ಹೋದರೆ ಸಾಕು. ಎಲೆಯ ಚಿತ್ರವನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿರಿ. ಈ ಮಾತಿಗೆ ಆಧಾರವೇನೆಂದು ಕೇಳಿರಿ. ಇದು ನಮ್ಮ ಊರಿನ ಮಣ್ಣಿನಲ್ಲಿ, ನಮ್ಮ ಊರಿನ ಕಸದಲ್ಲಿ ನಿಜವೋ ಎಂದು ವಿಚಾರಿಸಿರಿ. ಎಲ್ಲಕ್ಕಿಂತ ಮೊದಲು, ಇದು ಬೇಕೇ ಬೇಕೋ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಮೋಸವಾಯಿತೆಂದು ಕಂಡರೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಲು ಸಂಕೋಚಪಡಬೇಡಿರಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಪುಟದಿಂದ ಲೋಕವು ಕೆಡುತ್ತಿರಲಿಲ್ಲವೆಂಬುದು ನಿಜ. ಆದರೆ ಈ ಪುಟಗಳನ್ನು ನೀವು ಪತ್ರಿಕೆಯ ಪುಟಗಳಂತೆ ಓದುವುದಿಲ್ಲ. ಇದರಲ್ಲಿ ನಿಮ್ಮ ಗೆಳತಿಯರ ಹೆಸರುಗಳಿವೆ, ನಿಮ್ಮ ಮಕ್ಕಳ ಚಿತ್ರಗಳಿವೆ. ಇದರಲ್ಲಿ ಅಚ್ಚಾದದ್ದು ಶಾಲೆಯ ಮಾತೆಂದು ನಂಬುತ್ತೀರಿ. ಕಂಪೆನಿಯವರು ಹಣ ಕೊಡಲು ಬಂದದ್ದು ಕಾಗದಕ್ಕಾಗಿ ಅಲ್ಲ, ಆ ನಂಬಿಕೆಗಾಗಿ. ಅದನ್ನು ಕಟ್ಟಿದವರು ನಮಗಿಂತ ಹಿಂದಿನ ಉಪಾಧ್ಯಾಯಿನಿಯರು. ಅದನ್ನು ಮಾರುವ ಹಕ್ಕು ನಮಗಿಲ್ಲ. ಅದಲ್ಲದೆ, ಯಾವ ಪ್ರಯೋಗಶಾಲೆಯಲ್ಲಿ ನೋಡಿದ್ದನ್ನೇ ಬರೆಯಬೇಕೆಂದು ಮಕ್ಕಳಿಗೆ ಕಲಿಸುತ್ತೇವೆಯೋ, ಅದರ ಮಾಡನ್ನು ಪರೀಕ್ಷಿಸದ ಮಾತಿನ ಹಣದಿಂದ ಹೊದಿಸುವುದು ಹೇಗೆ?

ಆ ಮಾಡಿನ ಮೇಲಿರುವವು ಹಳೆಯ ಮಂಗಳೂರು ಹಂಚುಗಳು. ದುರಸ್ತಿಯವನು ಒಡೆದ ಒಂದನ್ನು ಕೆಳಗಿಳಿಸಿದಾಗ ನಾವು ತಿರುಗಿಸಿ ನೋಡಿದೆವು. ಜೆಪ್ಪುವಿನಲ್ಲಿ 1865ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರು ಅದರ ಬೆನ್ನಿನ ಮೇಲೆ ಒತ್ತಿತ್ತು. ಆ ಹೆಸರು ಎಷ್ಟೋ ಮಳೆಗಾಲಗಳ ಕೆಳಗೆ ನಿಂತಿತ್ತು. ತಯಾರಿಸಿದವರು ತಮ್ಮ ಮಾತನ್ನು ಮಣ್ಣಿನಲ್ಲಿ ಒತ್ತಿ ಸುಟ್ಟು ಕೊಟ್ಟರು. ಅದನ್ನು ಪರೀಕ್ಷಿಸುವ ಕೆಲಸವನ್ನು ಮಳೆಗೆ ಬಿಟ್ಟರು.

ಇನ್ನು ಮುಂದೆ ಈ ಸಂಚಿಕೆಯಲ್ಲಿ ಪರಿಸರದ ಹೆಸರೆತ್ತುವ ಯಾವ ಜಾಹೀರಾತಾದರೂ ಅದರ ಆಧಾರಪತ್ರದ ಪ್ರತಿಯೊಡನೆ ಬರಬೇಕು. ಆ ಪ್ರತಿಯನ್ನು ಯಾರು ಬೇಕಾದರೂ ಕಚೇರಿಯಲ್ಲಿ ಓದಬಹುದು. ಹಾಳೆ ತಟ್ಟೆಯನ್ನು ಮಾಡುವ ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ಮುಂದಿನ ಸಂಚಿಕೆಯಲ್ಲಿ ಸ್ಥಳವನ್ನು ಉಚಿತವಾಗಿ ಕೊಡುತ್ತೇವೆ. ಪ್ರಮಾಣಪತ್ರವಿಲ್ಲದ ಅವರ ತಟ್ಟೆಗೆ ಆಧಾರವಾಗಿ ನಮ್ಮ ಹುಡುಗಿಯರ ಟಿಪ್ಪಣಿ ಪುಸ್ತಕವಿದೆ. ಮಾಡಿನ ವಿಷಯದಲ್ಲಿ ನಾವು ನಿಮ್ಮಿಂದ ದೊಡ್ಡ ದಾನವನ್ನು ಕೇಳುವುದಿಲ್ಲ. ಒಬ್ಬೊಬ್ಬರು ಕೆಲವು ಹಂಚುಗಳ ಬೆಲೆಯನ್ನು ಕಳುಹಿಸಿದರೂ ಬರುವ ಮಳೆಗಾಲದೊಳಗೆ ಕೆಲಸವು ಮುಗಿಯುವುದು. ಯಾರು ಎಷ್ಟು ಕೊಟ್ಟರೆಂಬುದನ್ನೂ, ಅದು ಎಲ್ಲಿ ವೆಚ್ಚವಾಯಿತೆಂಬುದನ್ನೂ ಈಗ ಬರಿದಾಗಿರುವ ಹಿಂಬದಿಯ ಪುಟದಲ್ಲಿ ಮುಂದಿನ ವರ್ಷ ಅಚ್ಚು ಹಾಕಿಸುತ್ತೇವೆ. ಅಲ್ಲಿಯ ವರೆಗೆ ಬಕೀಟುಗಳು ತಮ್ಮ ಸ್ಥಳದಲ್ಲಿಯೇ ಇರುತ್ತವೆ. ನೋಡಲು ಬರುವವರಿಗೆ ಅವುಗಳನ್ನು ಮುಚ್ಚಿಡುವುದಿಲ್ಲ.